ಮಂಜುಗಡ್ಡೆಯ ಮೇಲೆ ಅಣ್ಣ-ತಂಗಿಯ ಹೆಜ್ಜೆ

ಮಂಜುಗಡ್ಡೆಯ ಮೇಲೆ ಮೂಡಿದ ಗುರುತು ಎಷ್ಟು ಹೊತ್ತು ಉಳಿದೀತು? ಸ್ಕೇಟಿಂಗ್ ಅಂಗಳದಲ್ಲಿ ಸ್ಪರ್ಧೆಯ ನಡುನಡುವೆ ಒಂದು ದೊಡ್ಡ ಯಂತ್ರ ಬರುತ್ತದೆ. ಗೀರುಗಳನ್ನೆಲ್ಲ ಹೆರೆದು, ಮೇಲೆ ನೀರು ಹರಿಸಿ, ನೆಲವನ್ನು ಮತ್ತೆ ಕನ್ನಡಿಯಂತೆ ಮಾಡಿ ಹೊರಟುಹೋಗುತ್ತದೆ. ಅಷ್ಟು ಹೊತ್ತು ಕುಣಿದವರ ಒಂದು ಹೆಜ್ಜೆಯೂ ಅಲ್ಲಿ ಕಾಣಿಸದು.

ಆದರೆ ಜರ್ಮನಿಯ ಒಬ್ಬ ಅಣ್ಣ ಮತ್ತು ಅವನ ತಂಗಿ ಹೀಗೆ ಮಂಜುಗಡ್ಡೆಯ ಮೇಲೆ ಹಾಕಿದ ಹೆಜ್ಜೆಗಳು ಐವತ್ತು ವರ್ಷ ದಾಟಿದರೂ ಅಳಿಸಿಹೋಗಿಲ್ಲ. ಅಣ್ಣ ಎರಿಖ್ ಬುಕ್, ಹುಟ್ಟಿದ್ದು 1949ರಲ್ಲಿ. ತಂಗಿ ಆಂಗೆಲಿಕಾ ಬುಕ್, ಹುಟ್ಟಿದ್ದು 1950ರಲ್ಲಿ. ಊರು ದಕ್ಷಿಣ ಜರ್ಮನಿಯ ರಾವೆನ್ಸ್‌ಬುರ್ಗ್. ಹಳೆಯ ಕಾಲದ ಎತ್ತರದ ಗೋಪುರಗಳಿರುವ ಪುಟ್ಟ ಪಟ್ಟಣ. ಚೂರುಗಳನ್ನು ಜೋಡಿಸಿ ಚಿತ್ರ ಮಾಡುವ ಜಿಗ್ಸಾ ಪಜಲ್ ನಿಮ್ಮ ಮನೆಯಲ್ಲಿದ್ದರೆ ಅದರ ಡಬ್ಬಿಯನ್ನೊಮ್ಮೆ ನೋಡಿ. ಈ ಊರಿನ ಹೆಸರನ್ನೇ ಇಟ್ಟುಕೊಂಡ ಕಂಪನಿಯೊಂದು 1883ರಿಂದಲೂ ಅಲ್ಲಿದೆ. ಅದರ ಪಜಲ್‌ಗಳು ಲೋಕಕ್ಕೆಲ್ಲ ಹೋಗುತ್ತವೆ.

ಅಣ್ಣ-ತಂಗಿ ಆಯ್ದುಕೊಂಡ ಆಟ ಐಸ್ ಡಾನ್ಸ್.

ಹಾರುವ ಆಟವಲ್ಲ, ಜಾರುವ ಆಟ

ಟಿ.ವಿ.ಯಲ್ಲಿ ಫಿಗರ್ ಸ್ಕೇಟಿಂಗ್ ನೋಡಿದವರಿಗೆ ಗಾಳಿಯಲ್ಲಿ ಮೂರು ನಾಲ್ಕು ಸುತ್ತು ತಿರುಗಿ ಇಳಿಯುವ ಆಟಗಾರರ ನೆನಪಿರುತ್ತದೆ. ಐಸ್ ಡಾನ್ಸ್‌ನಲ್ಲಿ ಅಂಥದ್ದಿಲ್ಲ. ಜೊತೆಗಾರ್ತಿಯನ್ನು ಎಸೆಯುವಂತಿಲ್ಲ, ತಲೆಯ ಮೇಲಕ್ಕೆ ಎತ್ತಿ ಹಿಡಿಯುವಂತಿಲ್ಲ. ಇಲ್ಲಿ ನೋಡಬೇಕಾದದ್ದು ಕಾಲುಗಳನ್ನು. ಸ್ಕೇಟಿಂಗ್ ಬೂಟಿನ ಅಡಿಯ ಉಕ್ಕಿನ ಅಲಗು ಸುಮಾರು 4 ಮಿಲಿಮೀಟರ್ ಅಗಲ. ಅದರ ನಡುವೆ ಉದ್ದಕ್ಕೂ ಸಣ್ಣ ತಗ್ಗು ಇರುವುದರಿಂದ ಎಡಕ್ಕೊಂದು, ಬಲಕ್ಕೊಂದು ಅಂಚು ಉಂಟಾಗುತ್ತದೆ. ನರ್ತಕರು ಈ ಅಂಚಿನ ಮೇಲೆ ವಾಲಿಕೊಂಡೇ ಜಾರಬೇಕು. ತಪ್ಪಿ ಎರಡೂ ಅಂಚಿನ ಮೇಲೆ ನಿಂತರೆ ತೀರ್ಪುಗಾರರ ಕಣ್ಣಿಗೆ ಬಿತ್ತೆಂದೇ ಲೆಕ್ಕ.

ಆ ದಿನಗಳಲ್ಲಿ 'ಕಡ್ಡಾಯ ನೃತ್ಯ'ಗಳು ಇದ್ದವು. ಯಾವ ಹೆಜ್ಜೆ, ಯಾವ ಕಾಲು, ಯಾವ ಅಂಚು, ಎಷ್ಟು ತಾಳ ಎಂಬುದೆಲ್ಲ ನಿಯಮದ ಪುಸ್ತಕದಲ್ಲಿ ಬರೆದಿರುತ್ತಿತ್ತು. ಎಲ್ಲ ಜೋಡಿಗಳೂ ಒಂದೇ ನೃತ್ಯವನ್ನು ಮಾಡಬೇಕು. ಸಂಗೀತ ಕಲಿಯುವ ಮಕ್ಕಳೆಲ್ಲ ಒಂದೇ ಸರಳೆ ವರಸೆಯನ್ನು ಹಾಡುವುದಿಲ್ಲವೇ, ಹಾಗೆ. ಪಾಠ ಒಂದೇ ಆದಾಗ ಯಾರ ಗಂಟಲು ಹೇಗಿದೆ ಎಂಬುದು ಬೇಗ ಗೊತ್ತಾಗುತ್ತದೆ. ಇಲ್ಲಿಯೂ ಯಾರ ಕಾಲು ಹೇಗಿದೆ ಎಂಬುದು ಹಾಗೆಯೇ ತಿಳಿಯುತ್ತಿತ್ತು.

ಎದುರಿಗೆ ಇದ್ದವರು ಯಾರು?

ಆಗ ಜರ್ಮನಿ ಎರಡು ದೇಶವಾಗಿತ್ತು. ಎರಿಖ್ ಮತ್ತು ಆಂಗೆಲಿಕಾ ಪಶ್ಚಿಮ ಜರ್ಮನಿಯ ಪರವಾಗಿ ಆಡುತ್ತಿದ್ದರು. ಅವರ ಗುರು ಇಂಗ್ಲೆಂಡಿನ ಬೆಟ್ಟಿ ಕ್ಯಾಲವೇ. 1970ರಲ್ಲಿ ಲುಬ್ಲಿಯಾನಾದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಇಬ್ಬರಿಗೂ ಕಂಚು ಬಂತು. 1971ರಲ್ಲಿ ಫ್ರಾನ್ಸಿನ ಲಿಯಾನ್‌ನಲ್ಲಿ ಬೆಳ್ಳಿ. 1972ರಲ್ಲಿ ಕೆನಡಾದ ಕ್ಯಾಲ್ಗರಿಯಲ್ಲಿ ಬೆಳ್ಳಿ. 1973ರಲ್ಲಿ ಬ್ರಾಟಿಸ್ಲಾವಾದಲ್ಲಿ ಮತ್ತೆ ಬೆಳ್ಳಿ.

ಚಿನ್ನ ಯಾರಿಗೆ ಹೋಯಿತು? ನಾಲ್ಕು ಸಲವೂ ಒಂದೇ ಜೋಡಿಗೆ: ಸೋವಿಯತ್ ಒಕ್ಕೂಟದ ಲ್ಯುದ್ಮಿಲಾ ಪಖೋಮೊವಾ ಮತ್ತು ಅಲೆಕ್ಸಾಂಡರ್ ಗೋರ್ಷ್ಕೋವ್. ಗಂಡ-ಹೆಂಡತಿಯಾಗಿದ್ದ ಇವರು ಒಟ್ಟು ಆರು ಸಲ ವಿಶ್ವ ಚಾಂಪಿಯನ್ ಆದವರು.

ಆದರೂ ಒಮ್ಮೆ ಈ ಜೋಡಿ ಸೋತಿತು. 1972ರ ಜನವರಿಯಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ಯುರೋಪಿಯನ್ ಚಾಂಪಿಯನ್‌ಷಿಪ್ ನಡೆಯಿತು. ಅಲ್ಲಿ ಮೇಲಿನ ಮೆಟ್ಟಿಲ ಮೇಲೆ ನಿಂತವರು ರಾವೆನ್ಸ್‌ಬುರ್ಗಿನ ಅಣ್ಣ-ತಂಗಿ. 1970ರಿಂದ 1976ರವರೆಗಿನ ಏಳು ಯುರೋಪಿಯನ್ ಪ್ರಶಸ್ತಿಗಳಲ್ಲಿ ಆರು ಆ ಸೋವಿಯತ್ ಜೋಡಿಗೆ ಹೋದವು. ಉಳಿದ ಆ ಒಂದೇ ಒಂದು ಇವರದು.

ಬಾಗಿಲು ತೆರೆಯುವ ಮೊದಲೇ

ಮುಂದಿನ ತಿಂಗಳೇ ಜಪಾನಿನ ಸಪ್ಪೊರೊದಲ್ಲಿ ಚಳಿಗಾಲದ ಒಲಿಂಪಿಕ್ಸ್ ಇತ್ತು. ಯುರೋಪಿನ ಚಾಂಪಿಯನ್ನರು ಅಲ್ಲಿಗೆ ಹೊರಟಿರಬೇಕು ಎಂದುಕೊಂಡಿರಾ? ಇಲ್ಲ. ಒಲಿಂಪಿಕ್ಸ್‌ನಲ್ಲಿ ಐಸ್ ಡಾನ್ಸ್ ಇರಲೇ ಇಲ್ಲ! ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಅದು 1952ರಿಂದಲೇ ಇತ್ತು. ಆದರೆ ಒಲಿಂಪಿಕ್ಸ್ ಅದನ್ನು ಪದಕದ ಆಟವಾಗಿ ಸೇರಿಸಿಕೊಂಡದ್ದು 1976ರಲ್ಲಿ, ಆಸ್ಟ್ರಿಯಾದ ಇನ್ಸ್‌ಬ್ರುಕ್‌ನಲ್ಲಿ. ರಾವೆನ್ಸ್‌ಬುರ್ಗಿನಿಂದ ಆ ಊರು ದೂರವೇನೂ ಅಲ್ಲ. ಆದರೆ ಎರಿಖ್ ಮತ್ತು ಆಂಗೆಲಿಕಾ 1973ರಲ್ಲೇ ಸ್ಪರ್ಧೆಗಳಿಂದ ನಿವೃತ್ತರಾಗಿದ್ದರು. ಮೊದಲ ಒಲಿಂಪಿಕ್ ಚಿನ್ನ ಪಖೋಮೊವಾ-ಗೋರ್ಷ್ಕೋವ್ ಜೋಡಿಯ ಪಾಲಾಯಿತು.

ಲೆಕ್ಕ ಇಷ್ಟೇ ಆಗಿದ್ದರೆ ಈ ಅಣ್ಣ-ತಂಗಿಯ ಕಥೆ ಹಳೆಯ ದಾಖಲೆ ಪುಸ್ತಕದ ನಾಲ್ಕು ಸಾಲಿನಲ್ಲಿ ಮುಗಿದುಹೋಗುತ್ತಿತ್ತು.

ಊರಿನ ಹೆಸರಿನ ನೃತ್ಯ

ನಿವೃತ್ತರಾದ ಅದೇ 1973ರಲ್ಲಿ, ಕ್ರೆಫೆಲ್ಡ್ ನಗರದಲ್ಲಿ ನಡೆದ ಪಶ್ಚಿಮ ಜರ್ಮನಿಯ ರಾಷ್ಟ್ರೀಯ ಸ್ಪರ್ಧೆಯಲ್ಲಿ, ಇಬ್ಬರೂ ಹೊಸದೊಂದು ವಾಲ್ಟ್ಸ್ ಕುಣಿದು ತೋರಿಸಿದರು. ವಾಲ್ಟ್ಸ್ ಎಂದರೆ ಮೂರು ಎಣಿಕೆಯ ನೃತ್ಯ: ಒಂದು-ಎರಡು-ಮೂರು, ಒಂದು-ಎರಡು-ಮೂರು. ಗುರು ಬೆಟ್ಟಿ ಕ್ಯಾಲವೇ ಅವರೊಂದಿಗೆ ಕೂಡಿ ಹೆಜ್ಜೆಗಳನ್ನು ಜೋಡಿಸಿದ್ದು ಅಣ್ಣ-ತಂಗಿಯೇ. ಇಟ್ಟ ಹೆಸರು 'ರಾವೆನ್ಸ್‌ಬುರ್ಗರ್ ವಾಲ್ಟ್ಸ್'. ತಮ್ಮ ಹೆಸರನ್ನಲ್ಲ, ಊರಿನ ಹೆಸರನ್ನು ಇಟ್ಟರು.

ಹೆಜ್ಜೆಗಳು ಎಷ್ಟು ಚೆನ್ನಾಗಿದ್ದವೆಂದರೆ, ಈ ನೃತ್ಯ ಮುಂದೆ ಅಂತರರಾಷ್ಟ್ರೀಯ ನಿಯಮ ಪುಸ್ತಕದ ಕಡ್ಡಾಯ ನೃತ್ಯಗಳ ಸಾಲಿಗೆ ಸೇರಿತು. ಅಂದರೆ ಯಾವ ದೇಶದವರೇ ಇರಲಿ, ಇದನ್ನು ಕಲಿಯಬೇಕು. ಅಭ್ಯಾಸದಲ್ಲಿ ಬಿದ್ದು ಎದ್ದು ಕಲಿಯಬೇಕು.

ಇನ್ನೊಂದು ಸೊಗಸಿನ ಸಂಗತಿ ಕೇಳಿ. ಮರುವರ್ಷ, 1974ರಲ್ಲಿ, ಎದುರಾಳಿ ಜೋಡಿ ಪಖೋಮೊವಾ-ಗೋರ್ಷ್ಕೋವ್ ಕೂಡ ತಮ್ಮ ಗುರುವಿನೊಡನೆ ಕಟ್ಟಿದ 'ಟ್ಯಾಂಗೋ ರೊಮ್ಯಾಂಟಿಕಾ' ಎಂಬ ನೃತ್ಯವನ್ನು ಕುಣಿದರು. ಅದೂ ಪುಸ್ತಕ ಸೇರಿತು. ಪಖೋಮೊವಾ 1986ರಲ್ಲಿ, ಕೇವಲ 39ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರ ಟ್ಯಾಂಗೋ ಉಳಿಯಿತು. ಅಂಗಳದಲ್ಲಿ ಎದುರಾಳಿಗಳಾಗಿದ್ದವರು ಪುಸ್ತಕದಲ್ಲಿ ನೆರೆಹೊರೆಯವರಾದರು.

ಗುರು ಕ್ಯಾಲವೇ ಅವರ ಕೆಲಸವೂ ನಿಲ್ಲಲಿಲ್ಲ. ಮುಂದೆ ಅವರ ಗರಡಿಯಲ್ಲಿ ಬೆಳೆದವರೇ ಬ್ರಿಟನ್ನಿನ ಜೇನ್ ಟೊರ್ವಿಲ್ ಮತ್ತು ಕ್ರಿಸ್ಟೋಫರ್ ಡೀನ್. 1984ರ ಸರಾಯೆವೊ ಒಲಿಂಪಿಕ್ಸ್‌ನ ಕೊನೆಯ ನೃತ್ಯದಲ್ಲಿ ಒಂಬತ್ತು ತೀರ್ಪುಗಾರರೂ ಕಲಾತ್ಮಕತೆಗೆ ಪೂರ್ತಿ 6.0 ಅಂಕ ಕೊಟ್ಟದ್ದು ಈ ಜೋಡಿಗೇ.

43 ವರ್ಷಗಳ ನಂತರ

2010ರಲ್ಲಿ ಕಡ್ಡಾಯ ನೃತ್ಯಗಳ ಪ್ರತ್ಯೇಕ ಸುತ್ತನ್ನು ದೊಡ್ಡವರ ಸ್ಪರ್ಧೆಯಿಂದ ತೆಗೆದುಹಾಕಿದರು. ಹಳೆಯ ಹೆಜ್ಜೆಗಳು ಪೂರ್ತಿ ಮರೆಯಾಗದಂತೆ, ಪ್ರತಿ ವರ್ಷ ಒಂದು ಹಳೆಯ ನೃತ್ಯದ ಭಾಗವನ್ನು ಹೊಸ ನೃತ್ಯದೊಳಗೆ ಸೇರಿಸಬೇಕೆಂದು ನಿಯಮ ಮಾಡಿದರು. 2015-16ರ ಸರದಿ ಯಾರದು ಗೊತ್ತೇ? ರಾವೆನ್ಸ್‌ಬುರ್ಗರ್ ವಾಲ್ಟ್ಸ್‌ನದು!

ಆ ವರ್ಷ ವಿಶ್ವ ಚಾಂಪಿಯನ್‌ಷಿಪ್ ಅಮೆರಿಕದ ಬೋಸ್ಟನ್‌ನಲ್ಲಿ ನಡೆಯಿತು. ದೇಶ ದೇಶಗಳ ಜೋಡಿಗಳೆಲ್ಲ ಆ ಹೆಜ್ಜೆಗಳನ್ನೇ ಹಾಕಿದವು. ಬೆಳ್ಳಿ ಗೆದ್ದವರು ಅಮೆರಿಕದ ಮಾಯಾ ಶಿಬುಟಾನಿ ಮತ್ತು ಅಲೆಕ್ಸ್ ಶಿಬುಟಾನಿ. ಇವರೂ ಅಣ್ಣ-ತಂಗಿಯೇ. 1973ರಲ್ಲಿ ಇವರಿಬ್ಬರೂ ಹುಟ್ಟಿಯೇ ಇರಲಿಲ್ಲ. ಒಬ್ಬ ಅಣ್ಣ ತನ್ನ ತಂಗಿಯ ಕೈ ಹಿಡಿದು ಕಟ್ಟಿದ ನೃತ್ಯವನ್ನು 43 ವರ್ಷಗಳ ಮೇಲೆ ಇನ್ನೊಬ್ಬ ಅಣ್ಣ ತನ್ನ ತಂಗಿಯ ಕೈ ಹಿಡಿದು ಕುಣಿದ. ಪದಕವೂ ಅದೇ ಬೆಳ್ಳಿ.

ಎರಿಖ್ ಮತ್ತು ಆಂಗೆಲಿಕಾರ ನಂತರ ಐಸ್ ಡಾನ್ಸ್‌ನ ವಿಶ್ವ ಪದಕಕ್ಕಾಗಿ ಜರ್ಮನಿ 31 ವರ್ಷ ಕಾಯಬೇಕಾಯಿತು. 2004ರಲ್ಲಿ ಡಾರ್ಟ್‌ಮಂಡ್‌ನಲ್ಲಿ ಕಾಟಿ ವಿಂಕ್ಲರ್ ಮತ್ತು ರೆನೆ ಲೋಸೆ ಕಂಚು ಗೆದ್ದರು.

ಮನೆಯಲ್ಲೇ ಒಂದು ಪ್ರಯೋಗ

ಮಕ್ಕಳೇ, ಆ ವಾಲ್ಟ್ಸ್‌ನ ವೇಗ ಎಷ್ಟಿತ್ತೆಂದು ತಿಳಿಯಬೇಕೇ? ಅಜ್ಜನೋ ಅಜ್ಜಿಯೋ ಗಡಿಯಾರ ಹಿಡಿದು ಕೂರಲಿ. ನೀವು 'ತಕಿಟ, ತಕಿಟ' ಎಂದು ಹೇಳುತ್ತಾ, ಪ್ರತಿ 'ತ'ಕಾರಕ್ಕೆ ಒಂದು ಚಪ್ಪಾಳೆ ತಟ್ಟಿ. ಒಂದು ನಿಮಿಷಕ್ಕೆ 66 ಚಪ್ಪಾಳೆ ಬರಬೇಕು. ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ.

ಬಂತೇ? ಈಗ ಅದೇ ವೇಗದಲ್ಲಿ, 4 ಮಿಲಿಮೀಟರ್ ಅಗಲದ ಅಲಗಿನ ಒಂದೇ ಅಂಚಿನ ಮೇಲೆ ವಾಲಿಕೊಂಡು, ಹಿಮ್ಮುಖವಾಗಿ ಜಾರುತ್ತಾ, ಅಣ್ಣನ ಕೈ ಬಿಡದೆ ಹೋಗುತ್ತಿದ್ದೀರಿ ಎಂದು ಊಹಿಸಿಕೊಳ್ಳಿ. ಮುಖದ ಮೇಲೆ ನಗುವೂ ಇರಬೇಕು!