ಪಾತಾಳದಲ್ಲಿ ಬಿದ್ದವರನ್ನು ಎತ್ತುವವರು ಯಾರು?

2014ರ ಜೂನ್ 8. ಸಮಯ ರಾತ್ರಿ ಸುಮಾರು ಒಂದೂವರೆ ಗಂಟೆ. ಜರ್ಮನಿಯ ಬವೇರಿಯಾ ಪ್ರಾಂತ್ಯದಲ್ಲಿ, ಆಸ್ಟ್ರಿಯಾದ ಗಡಿಗೆ ಅಂಟಿಕೊಂಡಂತಿರುವ ಉಂಟರ್ಸ್‌ಬರ್ಗ್ ಪರ್ವತದ ಒಡಲಲ್ಲಿ, ಗುಹೆಯ ಬಾಯಿಯಿಂದ ಸುಮಾರು ಒಂದು ಸಾವಿರ ಮೀಟರ್ ಆಳದಲ್ಲಿ ಮೂವರು ಗುಹಾನ್ವೇಷಕರಿದ್ದರು. ಇದ್ದಕ್ಕಿದ್ದಂತೆ ಮೇಲಿನಿಂದ ಕಲ್ಲುಗಳು ಕಳಚಿ ಬಿದ್ದವು. 52 ವರ್ಷದ ಯೊಹಾನ್ ವೆಸ್ಟ್‌ಹೌಸರ್ ಅವರ ತಲೆಗೆ ಬಲವಾದ ಪೆಟ್ಟು ಬಿತ್ತು. ಹೆಲ್ಮೆಟ್ ಇದ್ದುದರಿಂದ ಜೀವ ಉಳಿಯಿತು. ಆದರೆ ಮೆದುಳಿಗೆ ಗಾಯವಾಯಿತು.

ಇದೇ ಅಪಘಾತ ರಸ್ತೆಯಲ್ಲಿ ಆಗಿದ್ದರೆ ಅರ್ಧ ಗಂಟೆಯಲ್ಲಿ ಆಂಬುಲೆನ್ಸ್ ಬರುತ್ತಿತ್ತು. ಇಲ್ಲಿ ಹಾಗಿಲ್ಲ. ಗೆಳೆಯರಲ್ಲಿ ಒಬ್ಬರು ಗಾಯಾಳುವಿನ ಪಕ್ಕದಲ್ಲಿ ಕುಳಿತರು. ಇನ್ನೊಬ್ಬರು ಒಂಟಿಯಾಗಿ ಕತ್ತಲಲ್ಲಿ ಹಗ್ಗ ಹಿಡಿದು ಮೇಲಕ್ಕೆ ಹತ್ತತೊಡಗಿದರು. ಹೊರಗಿನ ಲೋಕಕ್ಕೆ ಸುದ್ದಿ ಮುಟ್ಟಿಸಲು ಅವರಿಗೆ ಸುಮಾರು 12 ಗಂಟೆ ಹಿಡಿಯಿತು. ವೆಸ್ಟ್‌ಹೌಸರ್ ಅವರು ಮತ್ತೆ ಹಗಲ ಬೆಳಕು ಕಂಡದ್ದು ಜೂನ್ 19ರ ಮಧ್ಯಾಹ್ನಕ್ಕೆ ಸ್ವಲ್ಪ ಮುಂಚೆ. ಅಂದರೆ ಪೆಟ್ಟು ಬಿದ್ದ 274 ಗಂಟೆಗಳ ಬಳಿಕ.

ಒಬ್ಬ ಮನುಷ್ಯನನ್ನು ಒಂದು ಕಿಲೋಮೀಟರ್ ಮೇಲೆತ್ತಲು ಹನ್ನೊಂದು ದಿನ ಏಕೆ ಬೇಕಾಯಿತು? ಜರ್ಮನಿಯಂಥ ಶ್ರೀಮಂತ ದೇಶದ ಯಂತ್ರಗಳೆಲ್ಲ ಎಲ್ಲಿ ಹೋಗಿದ್ದವು?

ಗುಹೆ ಎಂದರೆ ಕೋಣೆಯಲ್ಲ

ಗುಹೆ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಬಾದಾಮಿಯ ಗುಹಾಲಯಗಳು. ಅವು ಮನುಷ್ಯ ಬಂಡೆಯಲ್ಲಿ ಕೊರೆದ ಮಂಟಪಗಳು; ನಡೆದೇ ಒಳಹೋಗಬಹುದು. ಉಂಟರ್ಸ್‌ಬರ್ಗ್‌ನ ಗುಹೆ ಹಾಗಲ್ಲ. ಅದು ಸುಣ್ಣಕಲ್ಲಿನ ಬೆಟ್ಟದಲ್ಲಿ ಮಳೆನೀರು ಲಕ್ಷಾಂತರ ವರ್ಷ ಕಲ್ಲನ್ನು ಕರಗಿಸಿ ಮಾಡಿಕೊಂಡ ದಾರಿ. ನೀರಿಗೆ ಬೇಕಾದುದು ಇಳಿಜಾರು ಮಾತ್ರ. ಹೀಗಾಗಿ ಬಾವಿಯಂತೆ ನೆಟ್ಟಗೆ ಇಳಿಯುವ ಕೂಪಗಳು, ಎದೆ ತೂರಿಸಲೂ ಕಷ್ಟವಾಗುವ ಸಂದುಗಳು, ಜಲಪಾತಗಳು, ಮಳೆ ಬಂದರೆ ಕ್ಷಣದಲ್ಲಿ ತುಂಬಿಕೊಳ್ಳುವ ಹಾದಿಗಳು ಅಲ್ಲಿ ಒಂದರ ಹಿಂದೆ ಒಂದು ಬರುತ್ತವೆ.

ಈ ಗುಹೆಗೆ ಅನ್ವೇಷಕರು ಇಟ್ಟ ಹೆಸರು ರೀಸೆನ್‌ಡಿಂಗ್, ಎಂದರೆ ‘ದೈತ್ಯ ವಸ್ತು’. 1990ರ ದಶಕದ ನಡುವಿನಲ್ಲಿ ಪತ್ತೆಯಾದ ಇದರ ವ್ಯವಸ್ಥಿತ ಶೋಧನೆ ಆರಂಭವಾದದ್ದು 2002ರಲ್ಲಿ. ಅದರಲ್ಲಿ ವೆಸ್ಟ್‌ಹೌಸರ್ ಅವರೂ ಇದ್ದರು. ಅಪಘಾತದ ಹೊತ್ತಿಗೆ ಅಳೆದ ಆಳ 1,148 ಮೀಟರ್, ಉದ್ದ 19 ಕಿಲೋಮೀಟರ್‌ಗೂ ಹೆಚ್ಚು. ಒಳಗಿನ ಉಷ್ಣತೆ ವರ್ಷವಿಡೀ ಐದು ಡಿಗ್ರಿ ಸೆಲ್ಸಿಯಸ್‌ನ ಆಸುಪಾಸು. ಒದ್ದೆ ಬಟ್ಟೆಯಲ್ಲಿ ಅಲುಗಾಡದೆ ಮಲಗಿದವರನ್ನು ಗಾಯಕ್ಕಿಂತ ಮೊದಲು ಚಳಿಯೇ ಕೊಲ್ಲಬಲ್ಲದು.

ಮೇಲಿನಿಂದ ಅಗೆದು ಅಥವಾ ಕೊರೆದು ತಲುಪಬಾರದೇ ಎಂಬ ಪ್ರಶ್ನೆ ಸಹಜ. ಒಂದು ಸಾವಿರ ಮೀಟರ್ ಬಂಡೆಯನ್ನು ಮನುಷ್ಯ ಹಿಡಿಸುವಷ್ಟು ಅಗಲಕ್ಕೆ ಕೊರೆಯಲು ತಿಂಗಳುಗಟ್ಟಲೆ ಬೇಕು. ಕಂಪನಕ್ಕೆ ಇನ್ನಷ್ಟು ಕಲ್ಲು ಉದುರುವ ಭಯ ಬೇರೆ. ತೀರಾ ಕಡಿಮೆ ಆಳದಲ್ಲೂ ಈ ಉಪಾಯ ಕೈಕೊಟ್ಟ ಕಥೆ ಇತಿಹಾಸದಲ್ಲಿದೆ.

ಎರಡು ಸಾವುಗಳ ಪಾಠ

1925ರ ಜನವರಿ 30ರಂದು ಅಮೆರಿಕದ ಕೆಂಟಕಿಯಲ್ಲಿ ಫ್ಲಾಯ್ಡ್ ಕಾಲಿನ್ಸ್ ಎಂಬ ಗುಹಾನ್ವೇಷಕ ಸ್ಯಾಂಡ್ ಕೇವ್ ಎಂಬ ಗುಹೆಯಲ್ಲಿ ಸಿಕ್ಕಿಕೊಂಡರು. ಇದ್ದದ್ದು ನೆಲದಿಂದ ಬರೀ 55 ಅಡಿ ಕೆಳಗೆ. ಪಾದವನ್ನು ಹಿಡಿದಿದ್ದ ಕಲ್ಲಿನ ತೂಕ 12 ಕಿಲೋ ಇದ್ದೀತು. ಲೂಯಿವಿಲ್‌ನ ಪತ್ರಿಕೆಯೊಂದರ ಸಣಕಲು ಮೈಕಟ್ಟಿನ ಯುವ ವರದಿಗಾರ ವಿಲಿಯಂ ಮಿಲ್ಲರ್ ಆ ಸಂದಿನಲ್ಲಿ ತೆವಳಿ ಹೋಗಿ ಅವರನ್ನು ಮಾತನಾಡಿಸಿದರು, ಊಟ ಕೊಟ್ಟರು, ಕಲ್ಲು ಸರಿಸಲೂ ಯತ್ನಿಸಿದರು. ಆ ವರದಿಗಳಿಗೆ ಮರುವರ್ಷ ಪುಲಿಟ್ಜರ್ ಪ್ರಶಸ್ತಿ ಬಂತು. ಸುದ್ದಿ ಓದಿದ ಸಾವಿರಾರು ಜನ ಗುಹೆಯ ಮುಂದೆ ನೆರೆದರು. ತಿಂಡಿ ಮಾರುವವರೂ ಬಂದು ಜಾತ್ರೆಯೇ ಸೇರಿತು. ಆದರೆ ಯಾರ ಮಾತನ್ನು ಯಾರು ಕೇಳಬೇಕೆಂಬುದು ಅಲ್ಲಿ ನಿರ್ಧಾರವಾಗಿರಲಿಲ್ಲ. ಅಷ್ಟರಲ್ಲಿ ಒಳಗಿನ ಹಾದಿ ಕುಸಿಯಿತು. ಪಕ್ಕದಲ್ಲಿ ಬಾವಿ ತೋಡಿದರು. ಫೆಬ್ರವರಿ 16ರಂದು ತಲುಪಿದಾಗ ಕಾಲಿನ್ಸ್ ಬದುಕಿರಲಿಲ್ಲ.

ಜನ ಸೇರಿದರೆ ಸಾಲದು, ಹಾದಿ ಬಲ್ಲವರು ಬೇಕು ಎಂಬ ಅರಿವಿನಿಂದಲೇ ಗುಹಾ ರಕ್ಷಣಾ ದಳಗಳು ಹುಟ್ಟಿದ್ದು. ಇಂಗ್ಲೆಂಡಿನ ಯಾರ್ಕ್‌ಷೈರ್‌ನಲ್ಲಿ 1935ರಲ್ಲಿ ಆರಂಭವಾದ ದಳವನ್ನು ಜಗತ್ತಿನಲ್ಲೇ ಮೊದಲನೆಯದೆಂದು ಹೇಳುತ್ತಾರೆ. ಅದರ ಸದಸ್ಯರು ಸರ್ಕಾರಿ ನೌಕರರಲ್ಲ. ಬಿಡುವಿನ ವೇಳೆಯಲ್ಲಿ ಗುಹೆ ಇಳಿಯುವ ಹವ್ಯಾಸಿಗಳು.

ಎರಡನೆಯ ಪಾಠ ಕಲಿಸಿದ್ದು 1952ರ ಆಗಸ್ಟ್. ಫ್ರಾನ್ಸ್ ಮತ್ತು ಸ್ಪೇನ್ ಗಡಿಯ ಪಿರನೀಸ್ ಪರ್ವತದಲ್ಲಿ ಪಿಯರ್ ಸೇಂಟ್ ಮಾರ್ಟಿನ್ ಎಂಬ ಗುಹೆಯಿದೆ. ಅದರ ಮೊದಲ ಕೂಪವೇ 300 ಮೀಟರ್‌ಗೂ ಹೆಚ್ಚು ಆಳ. ಮಾರ್ಸೆಲ್ ಲೂಬಾನ್ಸ್ ಎಂಬ ಫ್ರೆಂಚ್ ಅನ್ವೇಷಕರನ್ನು ಉಕ್ಕಿನ ತಂತಿಗೆ ಕಟ್ಟಿ ಯಂತ್ರದಿಂದ ಮೇಲೆ ಎಳೆಯುತ್ತಿದ್ದಾಗ ತಂತಿಯನ್ನು ಹಿಡಿದಿದ್ದ ಕೊಂಡಿ ಕಳಚಿತು. ಅವರು ಬಂಡೆಗಳ ಮೇಲೆ ಬಿದ್ದರು. ತಂಡದ ವೈದ್ಯರು ಅದೇ ತಂತಿ ಹಿಡಿದು ಧೈರ್ಯವಾಗಿ ಕೆಳಗಿಳಿದರು. ಆದರೂ ಸುಮಾರು 36 ಗಂಟೆಗಳ ಬಳಿಕ ಲೂಬಾನ್ಸ್ ತೀರಿಕೊಂಡರು. ದೇಹವನ್ನು ಮೇಲೆ ತರಲು ಸಾಧ್ಯವಾದದ್ದು ಎರಡು ವರ್ಷಗಳ ನಂತರ, 1954ರಲ್ಲಿ. ವೈದ್ಯರು ತಲುಪಿದರೆ ಮುಗಿಯಲಿಲ್ಲ, ಗಾಯಾಳುವನ್ನು ಎತ್ತುವ ವಿದ್ಯೆಯೂ ಬೇಕು ಎಂಬುದು ಆಗ ಎಲ್ಲರಿಗೂ ಮನದಟ್ಟಾಯಿತು.

ಏತದ ಲೆಕ್ಕ

ರೀಸೆನ್‌ಡಿಂಗ್‌ನಲ್ಲಿ ಆ ವಿದ್ಯೆ ಹೇಗೆ ಕೆಲಸ ಮಾಡಿತೆಂದು ನೋಡೋಣ. ಮೊದಲ ಸಮಸ್ಯೆ ವೈದ್ಯರದು. ಸಾವಿರ ಮೀಟರ್ ಹಗ್ಗದಲ್ಲಿ ಇಳಿದು, ಹಲವು ಕಿಲೋಮೀಟರ್ ತೆವಳಿ, ಅದಾದ ಮೇಲೂ ಕೈ ನಡುಗದೆ ಚಿಕಿತ್ಸೆ ಮಾಡಬಲ್ಲ ವೈದ್ಯರು ಇಡೀ ಯೂರೋಪಿನಲ್ಲೇ ಬೆರಳೆಣಿಕೆಯಷ್ಟು. ಮೊದಲು ಇಳಿದ ವೈದ್ಯರೊಬ್ಬರು ಅರ್ಧ ದಾರಿಯಿಂದ ಮರಳಬೇಕಾಯಿತು. ಗಾಯಾಳುವಿನ ಬಳಿ ವೈದ್ಯರು ತಲುಪಿದ್ದು ಅಪಘಾತವಾಗಿ ಮೂರು ದಿನ ಕಳೆದ ಮೇಲೆ. ಅಲ್ಲಿಯವರೆಗೆ ಅವರನ್ನು ಬೆಚ್ಚಗಿಟ್ಟು ಕಾಪಾಡಿದವರು ಸಹ ಅನ್ವೇಷಕರೇ.

ಎರಡನೆಯದು ಮಾತಿನ ಸಮಸ್ಯೆ. ರೇಡಿಯೊ ತರಂಗ ಬಂಡೆಯನ್ನು ದಾಟುವುದಿಲ್ಲ. ಇದಕ್ಕಾಗಿ ಕೇವ್‌ಲಿಂಕ್ ಎಂಬ ಸಾಧನ ಬಳಸಿದರು. ನೆಲಕ್ಕೆ ತಂತಿ ನೆಟ್ಟು ಬಂಡೆಯ ಮೂಲಕವೇ ಅತಿ ಕಡಿಮೆ ಕಂಪನಾಂಕದ ಸಂಕೇತ ಹರಿಸುವ ಏರ್ಪಾಡು ಅದು. ಧ್ವನಿ ಹೋಗುವುದಿಲ್ಲ, ತಂತಿ ಸಮಾಚಾರದಂತೆ ನಾಲ್ಕಾರು ಪದಗಳ ಸಂದೇಶ ಮಾತ್ರ. ಗಾಯಾಳು ಹೇಗಿದ್ದಾರೆ, ಯಾವ ಔಷಧ ಬೇಕು ಎಂಬುದೆಲ್ಲ ಹೀಗೆಯೇ ಮೇಲೆ ಬಂತು.

ಮೂರನೆಯದು ಎತ್ತುವ ಕೆಲಸ. ತಲೆಗೆ ಪೆಟ್ಟಾದವರನ್ನು ಅಲುಗಾಡದಂತೆ ಸ್ಟ್ರೆಚರ್‌ಗೆ ಬಿಗಿದು ಕಟ್ಟಬೇಕು. ಒಬ್ಬೊಬ್ಬರೇ ಮೈ ಬಳುಕಿಸಿ ತೂರುವ ಸಂದಿನಲ್ಲಿ ಗಟ್ಟಿಯಾದ ಸ್ಟ್ರೆಚರ್ ತೂರಬೇಕು. ಪ್ರತಿ ಕೂಪದಲ್ಲೂ ಬಂಡೆಗೆ ಹೊಸ ಮೊಳೆ ಬಡಿದು, ಹೊಸ ಹಗ್ಗ ಕಟ್ಟಿ, ರಾಟೆ ತೂಗುಹಾಕಬೇಕು. ಎಳೆಯುವುದಕ್ಕೆ ಯಂತ್ರವಿಲ್ಲ. ರಾಟೆಯ ಒಂದು ಬದಿಯ ಹಗ್ಗಕ್ಕೆ ಸ್ಟ್ರೆಚರ್, ಇನ್ನೊಂದು ಬದಿಗೆ ಮನುಷ್ಯ. ಆತ ತನ್ನ ತೂಕದಿಂದ ಕೆಳಗಿಳಿದಂತೆ ಗಾಯಾಳು ಮೇಲೇರುತ್ತಾನೆ. ನಮ್ಮ ಹಳ್ಳಿಗಳಲ್ಲಿ ಏತದ ಮರದ ಮೇಲೆ ನಡೆದು ಬಾವಿಯ ನೀರೆತ್ತುತ್ತಿದ್ದವರ ಲೆಕ್ಕವೇ ಇದು! ಈ ಕ್ರಮಕ್ಕೆ ಒಂದು ಅನುಕೂಲವಿದೆ. ಸ್ಟ್ರೆಚರ್ ಎಲ್ಲಾದರೂ ಸಿಕ್ಕಿಕೊಂಡರೆ ಮನುಷ್ಯನಿಗೆ ತಕ್ಷಣ ತಿಳಿಯುತ್ತದೆ, ಯಂತ್ರಕ್ಕೆ ತಿಳಿಯುವುದಿಲ್ಲ.

ಜೂನ್ 13ರಂದು ಪಯಣ ಆರಂಭವಾಯಿತು. ದಾರಿಯಲ್ಲಿ ಐದು ಬಿಡಾರಗಳು. ಒಂದು ಬಿಡಾರದಿಂದ ಇನ್ನೊಂದಕ್ಕೆ ಸಾಗಿಸಿ, ಗಾಯಾಳುವಿಗೆ ವಿಶ್ರಾಂತಿ ಕೊಟ್ಟು, ಹೊಸ ತಂಡಕ್ಕೆ ಒಪ್ಪಿಸುವುದು. ಜರ್ಮನಿ, ಆಸ್ಟ್ರಿಯಾ, ಸ್ವಿಟ್ಜರ್‌ಲೆಂಡ್, ಇಟಲಿ, ಕ್ರೊಯೇಷಿಯಾ ಹೀಗೆ ಐದು ದೇಶಗಳ 728 ಜನ ಈ ಕೆಲಸದಲ್ಲಿ ತೊಡಗಿದರು. ಅವರಲ್ಲಿ 202 ಮಂದಿ ಗುಹೆಯೊಳಗೆ ಇಳಿದವರು. ಬಾಯಿಯ ಬಳಿಯ 180 ಮೀಟರ್‌ಗಳ ಕಡಿದಾದ ಏರು ಕೊನೆಯ ಪರೀಕ್ಷೆ. ಅದನ್ನೂ ಮೈಬಲದಿಂದಲೇ ದಾಟಿಸಿ ಹೊರತಂದರು. ಹೆಲಿಕಾಪ್ಟರ್ ಅವರನ್ನು ಆಸ್ಪತ್ರೆಗೆ ಒಯ್ದಿತು. ವೆಸ್ಟ್‌ಹೌಸರ್ ಚೇತರಿಸಿಕೊಂಡರು.

ಯಾರ ಹಣ, ಯಾರ ಪ್ರಾಣ?

ಕಾರ್ಯಾಚರಣೆಯ ಖರ್ಚು ಸುಮಾರು 9 ಲಕ್ಷ 60 ಸಾವಿರ ಯುರೋ ಎಂದು ಲೆಕ್ಕ ಹಾಕಲಾಯಿತು. ಗುಹೆಯ ಬಾಯಿಯನ್ನೂ ಮುಚ್ಚಲಾಯಿತು. ಒಬ್ಬನ ಹವ್ಯಾಸಕ್ಕೆ ಇಷ್ಟು ಹಣವೇ, ಇಷ್ಟು ಜನರ ಪ್ರಾಣವನ್ನು ಪಣಕ್ಕೊಡ್ಡಬೇಕೇ ಎಂದು ಕೇಳಿದವರಿದ್ದರು. ಇಟಲಿಯ ಬೆರ್ಗಮೊ ಬಳಿಯ ಬ್ವೇನೊ ಫೊಂಟೆನೊ ಗುಹೆಯಲ್ಲಿ 2023ರಲ್ಲಿ ಗಾಯಗೊಂಡು ಪಾರಾಗಿದ್ದ ಅನ್ವೇಷಕಿಯೊಬ್ಬರು 2024ರ ಡಿಸೆಂಬರ್‌ನಲ್ಲಿ ಅದೇ ಗುಹೆಯಲ್ಲಿ ಮತ್ತೆ ಬಿದ್ದಾಗ ಈ ಪ್ರಶ್ನೆ ಇನ್ನಷ್ಟು ಕಟುವಾಗಿ ಎದ್ದಿತು. ಅವರನ್ನು ಹೊರತರಲು ಮೂರು ದಿನಗಳಿಗೂ ಹೆಚ್ಚು ಕಾಲ ಬೇಕಾಯಿತು.

ಪ್ರಶ್ನೆ ತಪ್ಪೇನಲ್ಲ. ಆದರೆ ಅದನ್ನು ಕೇಳುವವರು ಬಹುಪಾಲು ಹೊರಗೆ ನಿಂತವರು ಎಂಬುದನ್ನು ಗಮನಿಸಬೇಕು. ಗುಹೆಗಳ ನಕ್ಷೆ ಮೋಜಿಗೆ ಮಾತ್ರವಲ್ಲ. ವಿಯೆನ್ನಾ ನಗರ ಕುಡಿಯುವ ನೀರು ಬರುವುದು ಇಂಥ ಸುಣ್ಣಕಲ್ಲಿನ ಬೆಟ್ಟಗಳ ಬುಗ್ಗೆಗಳಿಂದ. ಆ ನೀರು ಒಳಗೆ ಎಲ್ಲಿ ಹರಿದು ಬರುತ್ತದೆಂದು ಕಣ್ಣಾರೆ ಕಂಡು ಹೇಳಬಲ್ಲವರು ಈ ಅನ್ವೇಷಕರು. ಅದಕ್ಕಿಂತ ಮುಖ್ಯವಾದುದು ಇನ್ನೊಂದಿದೆ. ಒಳಗೆ ಇಳಿದು ಎತ್ತುವವರು ಈ ಲೆಕ್ಕವನ್ನು ಹಾಕುವುದಿಲ್ಲ. ಏಕೆಂದರೆ ನಾಳೆ ಬೀಳುವ ಸರದಿ ಯಾರದೆಂದು ಅವರಿಗೆ ಗೊತ್ತಿಲ್ಲ.

2023ರ ಸೆಪ್ಟೆಂಬರ್‌ನಲ್ಲಿ ತುರ್ಕಿಯ ಮೊರ್ಕಾ ಗುಹೆಯಲ್ಲಿ ಸಾವಿರ ಮೀಟರ್‌ಗೂ ಹೆಚ್ಚು ಆಳದಲ್ಲಿ ಹೊಟ್ಟೆಯೊಳಗೆ ರಕ್ತಸ್ರಾವವಾಗಿ ಮಲಗಿದ ಅಮೆರಿಕದ ಮಾರ್ಕ್ ಡಿಕಿ ಸ್ವತಃ ಗುಹಾ ರಕ್ಷಣೆಯಲ್ಲಿ ಪಳಗಿದವರು, ಇತರರಿಗೆ ಕಲಿಸುತ್ತಿದ್ದವರು. ಹಂಗೆರಿಯ ವೈದ್ಯರು ಇಳಿದು ಅಲ್ಲಿಯೇ ರಕ್ತ ಕೊಟ್ಟರು. ಹಲವು ದೇಶಗಳ ತಂಡಗಳು ಗುಹೆಯನ್ನು ಭಾಗಭಾಗವಾಗಿ ಹಂಚಿಕೊಂಡು ಸೆಪ್ಟೆಂಬರ್ 12ರ ನಡುರಾತ್ರಿಯ ಹೊತ್ತಿಗೆ ಅವರನ್ನು ಹೊರತಂದವು. ಎತ್ತುವವರನ್ನೂ ಒಮ್ಮೆ ಎತ್ತಬೇಕಾಗುತ್ತದೆ.

ಆಳದ ಗುಹೆಗೆ ಯಾವ ಸರ್ಕಾರವೂ ತಾನೊಂದೇ ಇಳಿಯಲಾರದು. ಹೆಲಿಕಾಪ್ಟರ್ ಗುಹೆಯ ಬಾಯಿಯವರೆಗೆ ಬಂದೀತು, ಹಣ ಹಗ್ಗವನ್ನು ಕೊಂಡೀತು. ಅಲ್ಲಿಂದ ಕೆಳಗೆ ಬೇಕಾದುದು ಆ ಹಾದಿಯಲ್ಲಿ ಹೋಗಿ ಬಂದ ಅಭ್ಯಾಸವಿರುವ ಮೈ ಮಾತ್ರ. ಗುಹೆಗೆ ಹೋಗುವುದನ್ನೇ ನಿಷೇಧಿಸಿದರೆ ರಕ್ಷಿಸಬಲ್ಲವರೂ ಇಲ್ಲವಾಗುತ್ತಾರೆ.

ಗುಹಾನ್ವೇಷಕರಲ್ಲಿ ಒಂದು ಕಟ್ಟುನಿಟ್ಟಾದ ನಿಯಮವಿದೆ. ಎಲ್ಲಿಗೆ ಇಳಿಯುತ್ತೇವೆ, ಎಷ್ಟು ಹೊತ್ತಿಗೆ ಮೇಲೆ ಬರುತ್ತೇವೆ ಎಂದು ಹೊರಗಿರುವ ಒಬ್ಬರಿಗೆ ಹೇಳದೆ ಹೊರಡುವಂತಿಲ್ಲ. ಆ ಗಂಟೆ ದಾಟಿದರೆ ಹುಡುಕಾಟ ಆರಂಭ. ನಮ್ಮ ಮನೆಗಳಲ್ಲಿ ಹೊರಡುವವರು ‘ಹೋಗುತ್ತೇನೆ’ ಎನ್ನುವುದಿಲ್ಲ, ‘ಹೋಗಿ ಬರುತ್ತೇನೆ’ ಎನ್ನುತ್ತಾರೆ. ಆ ಮಾತನ್ನು ಕೇಳಿಸಿಕೊಂಡು, ಬರದಿದ್ದಾಗ ಹುಡುಕಿಕೊಂಡು ಹೊರಡುವವರು ಇದ್ದಾರೆಂಬ ಭರವಸೆಯೇ ಪಾತಾಳಕ್ಕೆ ಇಳಿಯುವವರ ನಿಜವಾದ ಹಗ್ಗ.