ಎರಡನೆಯ ಸಲ ಬರುವ ಡೆಂಗೀ ಜ್ವರ

ಒಮ್ಮೆ ದಡಾರ ಬಂದುಹೋದ ಮಗುವಿಗೆ ಅದು ಮತ್ತೆ ಬರುವುದು ತೀರ ಅಪೂರ್ವ. ಶರೀರವು ತನ್ನ ಶತ್ರುವನ್ನು ನೆನಪಿನಲ್ಲಿ ಇಟ್ಟುಕೊಳ್ಳುತ್ತದೆ. ಲಸಿಕೆಯ ತತ್ತ್ವವೂ ಇದೇ. ಆದರೆ ಈ ನೆನಪು ಎಲ್ಲ ವೇಳೆಯಲ್ಲಿಯೂ ಹಿತವನ್ನೇ ಮಾಡುವುದೆಂದು ನಾವು ಭಾವಿಸಿದರೆ ತಪ್ಪಾದೀತು. ಡೆಂಗೀ ಜ್ವರವೇ ಇದಕ್ಕೆ ನಿದರ್ಶನ.

ಈ ಜ್ವರವನ್ನು ತರುವ ವೈರಸಿನಲ್ಲಿ ನಾಲ್ಕು ಬಗೆಗಳುಂಟು. ಒಂದು ಬಗೆಯಿಂದ ಜ್ವರ ಬಂದು ಗುಣಹೊಂದಿದವರಿಗೆ ಆ ಬಗೆಯಿಂದ ದೀರ್ಘಕಾಲದ ರಕ್ಷಣೆ ದೊರೆಯುತ್ತದೆ. ಉಳಿದ ಮೂರರಿಂದ ದೊರೆಯುವ ರಕ್ಷಣೆಯಾದರೋ ಅಲ್ಪಕಾಲದ್ದು. ಆಮೇಲೆ ಬೇರೊಂದು ಬಗೆಯ ವೈರಸು ದೇಹವನ್ನು ಹೊಕ್ಕಾಗ, ರಕ್ತದಲ್ಲಿರುವ ಹಳೆಯ ಪ್ರತಿಕಾಯಗಳು ಅದಕ್ಕೆ ಅಂಟಿಕೊಂಡರೂ ಅದನ್ನು ನಿಷ್ಕ್ರಿಯಗೊಳಿಸಲಾರದೆ ಹೋಗಬಹುದು. ಪ್ರತಿಕಾಯ ಅಂಟಿದ ವಸ್ತುವನ್ನು ನುಂಗುವುದು ಕೆಲವು ಬಿಳಿಯ ರಕ್ತಕಣಗಳ ಕೆಲಸ. ಹೀಗೆ ನುಂಗಲ್ಪಟ್ಟ ವೈರಸು ಆ ಕಣಗಳೊಳಗೇ ವೃದ್ಧಿಹೊಂದುತ್ತದೆ. ಕಾವಲುಗಾರನೇ ಕಳ್ಳನಿಗೆ ಬಾಗಿಲು ತೆರೆದಂತಾಯಿತು! ಎರಡನೆಯ ಸಲದ ಜ್ವರವೆಲ್ಲವೂ ಉಗ್ರವಾಗುವುದಿಲ್ಲ. ಆದರೆ ಅಪಾಯ ಹೆಚ್ಚು.

ಕ್ಯೂಬಾ ದ್ವೀಪದಲ್ಲಿ ಇದು ಸ್ಪಷ್ಟವಾಗಿ ಕಂಡುಬಂದಿತು. 1977ರಲ್ಲಿ ಅಲ್ಲಿ ಒಂದನೆಯ ಬಗೆಯ ಡೆಂಗೀ ಹರಡಿತು; ಜ್ವರ ಸೌಮ್ಯವಾಗಿತ್ತು. 1981ರಲ್ಲಿ ಎರಡನೆಯ ಬಗೆ ಬಂದಾಗ 158 ಮಂದಿ ಮಡಿದರು; ಅವರಲ್ಲಿ 101 ಮಂದಿ ಮಕ್ಕಳು. 1997ರಲ್ಲಿ ಅದೇ ಎರಡನೆಯ ಬಗೆ ಸಾಂಟಿಯಾಗೋ ನಗರದಲ್ಲಿ ಮತ್ತೆ ತಲೆದೋರಿತು. ಈ ಸಲ ಅದರ ಉಗ್ರರೂಪಕ್ಕೆ ತುತ್ತಾದವರು ವಯಸ್ಕರು. ಸುಮಾರು 20 ವರ್ಷಗಳ ಹಿಂದಿನ ಸೋಂಕನ್ನು ಅವರ ರಕ್ತ ಮರೆತಿರಲಿಲ್ಲ. ಆ ಬಳಿಕ ಹುಟ್ಟಿದ ಮಕ್ಕಳಿಗೆ ಅಂತಹ ನೆನಪೇ ಇರಲಿಲ್ಲವಾಗಿ ಅವರು ಪಾರಾದರು.

ಲಸಿಕೆಯೂ ಇಂತಹುದೇ ನೆನಪನ್ನು ಉಂಟುಮಾಡಬಲ್ಲದು. ಫಿಲಿಪ್ಪೀನ್ಸ್ ದೇಶದಲ್ಲಿ 2016ರಿಂದ 8 ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ಡೆಂಗೀ ಲಸಿಕೆ ಹಾಕಲಾಯಿತು. ಹಿಂದೆ ಡೆಂಗೀ ಬಂದಿದ್ದವರಿಗೆ ಅದು ರಕ್ಷೆಯಾಯಿತು. ಎಂದೂ ಬಾರದವರಲ್ಲಿ ಮಾತ್ರ ಆ ಲಸಿಕೆಯೇ ಮೊದಲ ಸೋಂಕಿನಂತೆ ವರ್ತಿಸಿ, ಮುಂದೆ ಬರುವ ನಿಜವಾದ ಸೋಂಕು ಉಗ್ರವಾಗುವ ಸಂಭವವನ್ನು ಹೆಚ್ಚಿಸಿತು. 2017ರ ನವೆಂಬರಿನಲ್ಲಿ ತಯಾರಕರೇ ಇದನ್ನು ಪ್ರಕಟಿಸಿದಾಗ ಕಾರ್ಯಕ್ರಮ ನಿಂತಿತು. ತಾಯಿತಂದೆಗಳಿಗೆ ಇತರ ಲಸಿಕೆಗಳ ಮೇಲಿದ್ದ ವಿಶ್ವಾಸವೂ ಕುಗ್ಗಿತು. 2019ರಲ್ಲಿ ಅಲ್ಲಿ ದಡಾರ ಹಬ್ಬಿ ನೂರಾರು ಮಕ್ಕಳನ್ನು ಬಲಿತೆಗೆದುಕೊಂಡಿತು.

ಇದರಿಂದ ನಾವು ಲಸಿಕೆಗಳನ್ನೇ ದೂರಬೇಕಾಗಿಲ್ಲ. ಮೊದಲು ರಕ್ತವನ್ನು ಪರೀಕ್ಷಿಸಿ, ಹಿಂದೆ ಡೆಂಗೀ ಬಂದಿದ್ದವರಿಗೆ ಮಾತ್ರ ಆ ಲಸಿಕೆಯನ್ನು ಕೊಡುವುದು ಲೇಸೆಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಸಲಹೆಯಿತ್ತಿತು. ನಮ್ಮ ಮನೆಗಳಿಗೂ ಇದರಲ್ಲಿ ಒಂದು ಪಾಠವುಂಟು. ಒಮ್ಮೆ ಡೆಂಗೀ ಬಂದವರು ಇನ್ನು ಭಯವಿಲ್ಲವೆಂದು ಸೊಳ್ಳೆಗಳನ್ನು ಅಲಕ್ಷಿಸಬಾರದು. ಮತ್ತೆ ಜ್ವರ ಬಂದರೆ ಹಿಂದಿನ ಜ್ವರದ ವಿಷಯವನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು.