ಹೊಸ್ತಿಲಲ್ಲಿ ನಿಂತ ಕಾಲು

ತಾಟು ಇಟ್ಟು ಕರೆದಿದ್ದೀರಿ. ಪಡಸಾಲೆಯಿಂದ ಎದ್ದು ಬಂದ ಮಾವನವರು ಅಡುಗೆಮನೆಯ ಹೊಸ್ತಿಲ ಹತ್ತಿರ ಗಕ್ಕನೆ ನಿಂತುಬಿಡುತ್ತಾರೆ. "ಬರ್ರಿ ಮಾವಾರ, ರೊಟ್ಟಿ ಆರಾಕತ್ತಾವು" ಅಂದರೆ, "ಕಾಲ ಕೀಳಾಕ ಬರವಲ್ದವ್ವಾ" ಅನ್ನುತ್ತಾರೆ. ಸಾಣಾಪುರದ ಭತ್ತದ ಗದ್ದೆಯ ಬದುವಿನ ಮೇಲೆ ಜೀವಮಾನವೆಲ್ಲ ಓಡಾಡಿದ ಕಾಲು, ಮನೆಯೊಳಗೆ ನೆಲಕ್ಕೆ ಅಂಟಿಕೊಂಡಿದೆ!

ವಯಸ್ಸಾದವರ ಹಟ ಎಂದು ಗೊಣಗಬೇಡಿ, ಸೋದರಿ. ಕೈನಡುಕ, ಮೈ ಬಿಗಿತ, ನಿಧಾನ ನಡಿಗೆಗಳ ಜೊತೆಗೆ ಇದೂ ಇದ್ದರೆ ಪಾರ್ಕಿನ್ಸನ್ ಕಾಯಿಲೆ ಇರಬಹುದು. ನರರೋಗದ ವೈದ್ಯರಿಗೆ ತೋರಿಸಿ. ನಮ್ಮ ವೈದ್ಯರು ಕಂಪವಾತ ಎನ್ನುವ ಇದನ್ನು ಲಂಡನ್ನಿನ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ವಿವರವಾಗಿ ಬರೆದಿಟ್ಟರು.

ಮಿದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕ ತಯಾರಿಸುವ ಜೀವಕೋಶಗಳು ಸಾಯುತ್ತ ಹೋಗುತ್ತವೆ. ಆಗ, ನಾವು ಗಮನ ಕೊಡದೆಯೇ ನಡೆಯುತ್ತೇವಲ್ಲ, ಆ ರೂಢಿ ಕೆಡುತ್ತದೆ. ಆದರೆ ಕಣ್ಣಿಗೊಂದು ಗುರುತು ಕಂಡರೆ, ಕಿವಿಗೊಂದು ತಾಳ ಬಿದ್ದರೆ, ಮಿದುಳು ಬೇರೆ ದಾರಿಯಿಂದ ಕಾಲಿಗೆ ಅಪ್ಪಣೆ ಕಳಿಸಬಲ್ಲದು. ಸಮನೆಲದಲ್ಲಿ ನಿಂತುಬಿಡುವ ಕೆಲವರು ಮೆಟ್ಟಿಲನ್ನು ಸಲೀಸಾಗಿ ಹತ್ತುವುದು ಇದಕ್ಕೇ. ಫಿಸಿಯೋಥೆರಪಿಯವರು ಹಿಡಿದಿರುವುದೂ ಇದೇ ದಾರಿಯನ್ನು.

ಹಾಗಾದರೆ ಹೊಸ್ತಿಲಲ್ಲಿ ನಿಂತವರಿಗೆ ಏನು ಮಾಡುತ್ತೀರಿ? ಕೈ ಹಿಡಿದು ಮಾತ್ರ ಎಳೆಯಬೇಡಿ. ಮೈ ಮುಂದೆ ಬರುತ್ತದೆ, ಕಾಲು ಅಲ್ಲೇ ಉಳಿಯುತ್ತದೆ, ಮುಗ್ಗರಿಸಿ ಬೀಳುತ್ತಾರೆ. ಸೊಂಟದ ಮೂಳೆ ಮುರಿದರೆ ಮತ್ತೆ ಎದ್ದು ಓಡಾಡುವುದೇ ಕಷ್ಟ. "ನಿಲ್ರಿ, ಅವಸರಿಲ್ಲ" ಅನ್ನಿ. ಮೈಭಾರವನ್ನು ಎಡಕ್ಕೆ, ಬಲಕ್ಕೆ ಹಾಕಲಿ. ಆಮೇಲೆ "ಒಂದು, ಎರಡು" ಎಂದು ಒಂದೇ ಲಯದಲ್ಲಿ ಎಣಿಸಿ. ದೊಡ್ಡ ಹೆಜ್ಜೆ ಇಡಲು ಹೇಳಿ. ಭಜನೆಯ ತಾಳ ಬಲ್ಲವರಾದರೆ ಅದೇ ಆಯಿತು.

ಕಾಲು ಪದೇ ಪದೇ ಹಿಡಿಯುವ ಜಾಗದಲ್ಲಿ, ಅವರ ಒಂದು ಹೆಜ್ಜೆಯಷ್ಟು ಅಂತರಕ್ಕೆ ಬಣ್ಣದ ಟೇಪಿನ ಅಡ್ಡಪಟ್ಟಿ ಅಂಟಿಸಿ. ಒಂದೊಂದೇ ಪಟ್ಟಿ ದಾಟುತ್ತ ಬರಲಿ. ರಂಗೋಲಿ ಎಳೆದರಾಗದೇ ಅಂತೀರಾ? ಬೇಡ, ಬಂಡೆಗಲ್ಲಿನ ನೆಲದ ಮೇಲೆ ಆ ಪುಡಿ ಜಾರುತ್ತದೆ. ಮಡಚಿಕೊಳ್ಳುವ ಚಾಪೆ, ಕಾಲೊರೆಸುವ ಬಟ್ಟೆಗಳನ್ನೂ ದಾರಿಯಿಂದ ತೆಗೆಯಿರಿ.

ತಿರುಗುವಾಗ ನಿಂತಲ್ಲೇ ಗಿರಕ್ಕನೆ ತಿರುಗಬಾರದು, ಸುತ್ತುಹಾಕಿ ಬರಬೇಕು. ನಡೆಯುವಾಗ ಕೈಯಲ್ಲಿ ಚಹದ ಲೋಟ ಬೇಡ, ನೀವೂ ಆಗ ಮಾತಿಗೆಳೆಯಬೇಡಿ. ಕುರ್ಚಿಯಿಂದ ಏಳಲು ಮೊದಲು ಅಂಚಿಗೆ ಸರಿದು, ಪಾದ ಹಿಂದಕ್ಕೆಳೆದು, ಮೈ ಮುಂದಕ್ಕೆ ಬಾಗಿಸಿ ಏಳಬೇಕು. ತಗ್ಗಿನ ಮಂಚ ಇವರಿಗೆ ಶತ್ರು.

ವ್ಯಾಯಾಮ, ನಡಿಗೆಗಳು ಮಾತ್ರೆ ಕೆಲಸ ಮಾಡುತ್ತಿರುವ ಹೊತ್ತಿನಲ್ಲೇ ನಡೆಯಲಿ. ಕೆರೆಯ ಕಡೆಗೆ ಹೊರಟರೆ ಪ್ರವಾಸಿಗಳ ಗಾಡಿ ಬರುವ ಮೊದಲೇ ಹೋಗಿ, ಜೊತೆಗೊಬ್ಬರು ಇರಲೇಬೇಕು. ಯಾವ ವ್ಯಾಯಾಮ, ಎಷ್ಟು ಎನ್ನುವುದನ್ನು ಫಿಸಿಯೋಥೆರಪಿಸ್ಟ್ ಒಮ್ಮೆ ನೋಡಿ ಹೇಳಲಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರರೋಗಿಗಳ ಪುನಶ್ಚೇತನಕ್ಕೆಂದೇ ಒಂದು ವಿಭಾಗವಿದೆ.

ಇನ್ನು, ನಮ್ಮ ಒಲೆಯ ಸಂಗತಿ. ಲೆವೊಡೋಪಾ ಮಾತ್ರೆಯನ್ನು ಬೇಳೆ, ಹಾಲಿನ ಜೊತೆಗೇ ನುಂಗಿದರೆ ಕೆಲವರಿಗೆ ಅದು ಸರಿಯಾಗಿ ಹತ್ತುವುದಿಲ್ಲ. ಬೇಳೆ ಬಿಡಿಸಬೇಡಿ. ಊಟಕ್ಕೆ ಅರ್ಧ ಗಂಟೆ ಮೊದಲು ಮಾತ್ರೆ ಕೊಡಬಹುದೇ ಎಂದು ವೈದ್ಯರನ್ನು ಕೇಳಿ.